ಭಾಗ್ಯಮ್ಮನ ಬಾವಿಗೆ ಗಂಗೆ ಪೂಜೆ

…ಅಲ್ಲ ಕಣೇ ಚೈತ್ರ, ಬಂದ ಬಂದೋಳೇ ಬಾವಿ ಕಡೆ ಹೊರಟ್ಯಲ್ಲ! ಇರು, ಇರು. ಕೂಸು ಎತ್ಕೊಂಡು ಬಾವಿಗೆ ಬಗ್ಗಬಾರದು. ಬಾ ಈ ಕಡೆ, ಜಗಲಿ ಮೇಲೆ ಕೂತ್ಕೋ. ತಟ್ಟೆ ಅಲ್ಲೇ ಬಾವಿ ಕಟ್ಟೆ ಮೇಲಿರ್ಲಿ, ಹೂವಿನ ಬುಟ್ಟೀನೂ ಅಲ್ಲೇ ಇರ್ಲಿ. ಅಬ್ಬಾ, ಎಷ್ಟೊಂದು ಚೆಂಡು ಹೂವೇ! ಅರಿಶಿನ ಬೇರೆ ಬಟ್ಟಲು ತುಂಬಾ! ನಿಮ್ಮತ್ತೆ ದ್ಯಾವಮ್ಮ ಇಷ್ಟು ಕೈ ಬಿಚ್ಚಿದ್ಳು ಅಂದ್ರೆ ನಂಬೋಕೇ ಆಗಲ್ಲ… ಓ, ನೀನೇ ತರಿಸಿದ್ದಾ? ಹಂಗನ್ನು ಮತ್ತೆ!

ಯಾಕೆ ನಗ್ತೀಯ? ನಿಮ್ಮತ್ತೆ ಜಿಪುಣಿ ಅಂತ ನಾನೆಲ್ಲಿ ಅಂದೆ? ನನ್ನ ಬಾಯಿಂದ ಬಂದಿಲ್ಲಪ್ಪ ಆ ಮಾತು. ಅವಳೂ ನಾನೂ ಗೋಡೆ ಆಚೆ ಈಚೆ ಎಷ್ಟು ಕಾಲದಿಂದ ಇದ್ದೀವಿ, ನಂಗೆ ಗೊತ್ತಿಲ್ವಾ ಅವಳ ಕೈ!

ಯಾವಾಗ ಬರ್ತಾರಂತೆ ಅವರೆಲ್ಲ? ಮುತ್ತೈದೆಯರನ್ನ ಕರ್ಕೊಂಡು ಬರೋಕೆ ಇನ್ನೂ ಸ್ವಲ್ಪ ಹೊತ್ತಾ? ಒಳ್ಳೇದೇ ಆಯ್ತು ಬಿಡು. ಕೂತ್ಕೋ. ಬಾಣಂತನ ಮುಗಿಸ್ಕೊಂಡು ತವರಿಂದ ಬಂದು ವಾರ ಆಗ್ತಾ ಬಂತು, ಗೋಡೆ ಆಚೆಯಿಂದ ಕೂಸಿನ ಅಳು ಕೇಳಿದ್ದಷ್ಟೆ, ಮುಖ ನೋಡಿರಲಿಲ್ಲ ನಾನು. ಆ ಟವೆಲ್ಲು ಒಸಿ ಸರಿಸು… ಅಯ್ಯೋ ನಮ್ಮಪ್ಪ! ಅವರಪ್ಪ ನವೀನ್‌ಕುಮಾರಂದೇ ಮೂಗು. ಕೈ ನೋಡು, ಮುಷ್ಟಿ ಬಿಗಿ ಹಿಡ್ಕೊಂಡಿರೋದು ಮಾತ್ರ ದ್ಯಾವಮ್ಮನ್ನ ಹೋಲ್ತೈತೆ! ಹ್ಹಹ್ಹ…

ಬೇಡ ಬೇಡ. ನನ್ನ ಕೈಗೆ ಕೊಡಬೇಡ ಕಣಮ್ಮ. ನಿನ್ನ ಮಡಿಲಲ್ಲೇ ಇರ್ಲಿ, ನಾನು ಇಲ್ಲಿಂದ್ಲೇ ನೋಡ್ತೀನಿ. ಶುಭ ದಿನ. ಯಾಕೆ ಸುಮ್ನೆ… ನನ್ನ ಕೈ ಬೇರೆ ಒದ್ದೆ.

ಸೀರೇನಾ? ಹೂಂ, ಸೀರೇನೂ ಒದ್ದೆ. ಬೆಳಿಗ್ಗೆ ಅಂಗಳ ತೊಳೆದೆ. ನೋಡು ನೋಡು, ಹೆಂಗೆ ನೋಡ್ತೀಯ! ‘ತೊಟ್ಟು ನೀರು ಚೆಲ್ಲಿದ್ರೂ ಬೈಯೋಳು ಅಂಗಳ ತೊಳೆದ್ಲಾ’ ಅಂತ ತಾನೆ? ವರ್ಷದಲ್ಲಿ ಒಂದು ದಿನ ತೊಳೀಬಾರ್ದಾ, ಮನೇಗೆ ಗಂಗೆ ಪೂಜೆ ಬರ್ತಾ ಐತೆ ಅಂತ? ಮಂಡೀಗೆ ಏನಾಯ್ತು ಅಂತಾನಾ? ಅದು… ಎಡವಿದೆ. ಕಲ್ಲು ತಾಗ್ತು. ಅರಿಶಿನ ಮೆತ್ತಿದೀನಿ, ಹೋಗುತ್ತೆ.

ಏನಂದೆ, ನಿಮ್ಮ ಟ್ಯಾಂಕು ಖಾಲಿ ಆಗಿತ್ತಾ ಬೆಳಿಗ್ಗೆ? ಓ… ಅದಕ್ಕೇ ಅಷ್ಟು ಹೊತ್ತು ಮೋಟ್ರು ಓಡ್ತಾ ಇದ್ದಿದ್ದು. ದ್ಯಾವಮ್ಮ ಕೂಗಾಡಿದ್ಲಾ? ಕೂಗಾಡಿರ್ತಾಳೆ. ಪೈಪನ್ನ ಇಲಿ ಕಡಿದಿರ್ಬೇಕು ಕಣೇ. ಇಲಿ ಕಾಟ ಜಾಸ್ತಿ ಆಗೈತೆ ಈಚೆಗೆ. ಬಿಡು ಆ ಮಾತು. ಮಜ್ಜಿಗೆ ಕುಡೀತೀಯಾ? ಬೇಡ್ವಾ? ಕುಡಿಯೇ, ಹಾಲೂಡಿಸೋಳು. ನಿಂಗೆ ಅಂತಲೇ ಕಡೆದಿಟ್ಟೆ. ಈ ಮನೇಲಿ ಎರಡು ಲೋಟ ಒಟ್ಟಿಗೆ ತೊಳೆದು ಎಷ್ಟು ದಿನ ಆಯ್ತೋ.

ತಗೋ.

ನಿಂಗೆ ಗೊತ್ತಾ, ನೀನು ಇವತ್ತು ಬಂದಿದ್ದು ನಂಗೆ ಎಷ್ಟು… ಅಲ್ಲ, ಬಾವಿಗೆ ಎಷ್ಟು ಒಳ್ಳೇದಾಯ್ತು ಅಂತ? ನವೀನ್‌ಕುಮಾರ ಹೇಳಲಿಲ್ವಾ? ಏರ್‌ಪೋರ್ಟು ಡ್ಯೂಟಿ ಮುಗಿಸಿ ಬಂದು ಮಲಗೋದೊಂದೇ ಗೊತ್ತು ಅವನಿಗೆ. ಕೇಳು, ನಾನೇ ಹೇಳ್ತೀನಿ. ಈ ಬಾವಿ ನಂಗೂ ನನ್ನ ಮೈದ ಆದಿನಾರಾಯಣಪ್ಪಂಗೂ ಜಂಟಿ. ಮನೆ ಪಾಲಾಯ್ತು, ಹೊಲ ಪಾಲಾಯ್ತು, ಬಾವೀನ ಹೆಂಗೆ ಹೆಚ್ಚೋದು? ಹಂಗೇ ಬಿಟ್ರು. ಅವನೀಗ ತನ್ನ ಪಾಲಿನ ಜಾಗದಲ್ಲಿ ಬಾಡಿಗೆ ರೂಮು ಕಟ್ಟಿಸ್ತಾನೆ. ಕುಂದಾಣದಲ್ಲಿ ಈಗ ಯಾರು ಕಟ್ಟಿಸ್ತಾ ಇಲ್ಲ ಹೇಳು? ಕೆಲಸದ ಹುಡುಗರು ಬರ್ತಾರೆ, ಇರ್ತಾರೆ. ಕಟ್ಟಿಸ್ಲಿ, ಬೇಡ ಅನ್ನಲ್ಲ. ಆದ್ರೆ ರೂಮಿಗೊಂದು ಕಕ್ಕಸ್ಸು ಬೇಕಲ್ಲ? ಅದರ ಗುಂಡಿಗೆ ಜಾಗ ಇಲ್ಲ. ಬಂದು ಏನಂದ ಗೊತ್ತಾ? ‘ಅತ್ತಿಗೆ, ಹೆಂಗಿದ್ರೂ ಬಾವಿ ಖಾಲಿ ಬಿದ್ದೈತೆ, ತೋಡೋ ಕೆಲಸ ಉಳೀತು, ಪೈಪು ಇದಕ್ಕೇ ಬಿಡ್ತೀನಿ’ ಅಂದ.

ಮುಖ ಕಿವುಚ್ಕೋಬೇಡ. ಅವನೊಬ್ಬನೇ ಅಲ್ಲ ಕಣೇ, ಸುತ್ತಮುತ್ತ ಎಷ್ಟು ಬಾವಿಗೆ ಇದೇ ಗತಿ ಆಗೈತೆ! ನೀರು ಹೋಯ್ತಾ, ತಗೋ, ರೆಡಿಮೇಡ್ ಗುಂಡಿ. ಮೇಲೆ ಚಪ್ಪಡಿ ಎಳೆದು ಬಿಟ್ರೆ ವಾಸನೇನೂ ಇಲ್ಲ, ಯೋಚನೇನೂ ಇಲ್ಲ. ಒಳಗೆ ಹೋಗಿದ್ದು ಎಲ್ಲಿಗೆ ಹೋಗುತ್ತೆ ಅಂತ ಒಬ್ಬರಾದ್ರೂ ಕೇಳಬೇಕಲ್ಲ? ನಿಮ್ಮ ಬೋರ್‌ವೆಲ್ಲು ಎಷ್ಟು ದೂರ ಐತೆ? ಆ ಗೋಡೆ ಹಿಂದೆ, ಹೌದಾ? ಈ ಬಾವಿಗೆ ಹೊಲಸು ಬಿಟ್ರೆ ನೀನು ಈ ಕೂಸಿಗೆ ಸ್ನಾನ ಮಾಡ್ಸೋ ನೀರಿಗೇ ಬರುತ್ತೆ. ನೆಲದ ಮೇಲೆ ನಾವು ಗೋಡೆ ಹಾಕ್ಕೊಂಡಿದ್ದೀವಿ, ನೆಲದ ಒಳಗೆ ಯಾವನು ಹಾಕಿದಾನೆ ಗೋಡೆ?

ಹಂಗಂತ ಅವನಿಗೂ ಹೇಳ್ದೆ. ಕೇಳಲಿಲ್ಲ. ಅತ್ತು ಕರೆದು ಜಗಳ ಆಡ್ದೆ. ಕೊನೆಗೆ ನಿಮ್ಮತ್ತೆ ಎದುರಿಗೇ ಒಂದು ಮಾತು ಕೊಟ್ಟ. ‘ಈ ಬಾವೀಲಿ ಒಬ್ಬ ಬಾಣಂತಿ ಗಂಗೆ ಪೂಜೆ ಮಾಡಿ ಬಿಂದಿಗೆ ನೀರು ಸೇದ್ಕೊಂಡು ಹೋಗ್ಲಿ ನೋಡಾನ. ಗಂಗಮ್ಮ ಇರೋ ಜಾಗಕ್ಕೆ ಹೊಲಸು ಬಿಡೋಷ್ಟು ಕೆಟ್ಟೋನಲ್ಲ ನಾನು, ಗುಂಡಿ ಆ ಕಡೆ ತೋಡಿಸ್ತೀನಿ’ ಅಂದ. ದೈವಭಕ್ತಿ ಐತೆ ಅವನಿಗೆ, ಸುಳ್ಳು ಹೇಳಬಾರದು. ತಿಂಗಳಿಗೊಂದು ಸಲ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗ್ತಾನೆ. ಅವನು ನೀರಿಲ್ಲ ಅನ್ನೋ ಧೈರ್ಯದ ಮೇಲೆ ಅಂದಿದ್ದು… ಅಂದ್ರೆ, ನೀರಿಲ್ಲ ಅಂತ ಅವನು ಅಂದ್ಕೊಂಡಿದ್ದು. ಐತಲ್ಲ ಈಗ! ಅದಕ್ಕೇ ನಿಮ್ಮತ್ತೆಗೆ ಹೇಳಿ ಕಳಿಸ್ದೆ, ‘ಬಾವೀಲಿ ನೀರು ಬಂದೈತೆ, ಚೈತ್ರನ ಪೂಜೆ ನಲ್ಲಿ ಮುಂದೆ ಯಾಕೆ ಮಾಡಿಸ್ತೀಯ, ಇಲ್ಲಿಗೇ ಕಳಿಸು’ ಅಂತ.

ಹೂಂ, ಅವನೂ ಬರ್ತಾನೆ. ಕಣ್ಣಾರೆ ನೋಡ್ತೀನಿ ಅಂದಿದ್ದಾನೆ.

ಇರೇ, ಎದ್ದೇಳಬೇಡ. ರಂಗೋಲಿ ಆಮೇಲೆ ಹಾಕೋವಂತೆ. ಮೆಲ್ಲಗೆ ಕುಡಿ.

ನೀರು ಹೆಂಗೆ ಬಂತು ಅಂತಾನಾ? ಅಗೋ, ಸೂರು ನೋಡು. ಸೂರಿನ ತುದೀಲಿ ಪೈಪು ಕಾಣ್ತಾ ಐತಾ? ಅದು ಬಂದು ಆ ನೀಲಿ ಡ್ರಮ್ಮಿಗೆ ಇಳಿಯುತ್ತೆ. ಡ್ರಮ್ಮಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಇದ್ದಿಲು, ಅದರ ಮೇಲೆ ಮರಳು. ಶೋಧಿಸಿ ಶೋಧಿಸಿ ನೀರು ಬಾವಿಗೆ ಬೀಳುತ್ತೆ. ಮೊದಲ ಮಳೆ ಮಾತ್ರ ಬಿಡಬಾರದು, ಸೂರಿನ ಮೇಲಿರೋ ಕೊಳೆ, ಹಕ್ಕಿ ಪಿಕ್ಕೆ ಎಲ್ಲಾ ತೊಳ್ಕೊಂಡು ಬರುತ್ತೆ. ಎರಡನೇ ಮಳೆಗೆ ಪೈಪಿನ ಮೂತಿ ಡ್ರಮ್ಮಿನ ಕಡೆ ತಿರುಗಿಸ್ಬೇಕು. ಮಳೆ ಶುರುವಾದ್ರೆ ನಾನು ಆ ಪೈಪಿನ ಹತ್ರನೇ ಕೊಡೆ ಹಿಡ್ಕೊಂಡು ನಿಂತಿರ್ತೀನಿ. ಬೀದೀಲಿ ಹೋಗೋರು ‘ಭಾಗ್ಯಮ್ಮಂಗೆ ತಲೆ ಕೆಟ್ಟೈತೆ’ ಅಂತಾರೆ. ಅನ್ಲಿ. ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ, ಬಟ್ಟೆ ಸೋಪಿನ ನೀರು ದೂರದ ಚರಂಡಿಗೆ. ಬಾವಿ ಹತ್ರ ಸೋಪು ತಂದೋರನ್ನ ನಾನು ಬಿಟ್ಟಿಲ್ಲ… ತಂದೋರು ಅಂದ್ರೆ, ಈಗ ಯಾರೂ ಬರಲ್ಲ ಬಿಡು. ಆಗ ಬರ್ತಿದ್ರು.

ಹೊಂಗೆ ಎಲೆ ಬಿದ್ದು ಕೊಳೆಯುತ್ತೆ ಅಂತ ಬಾವಿ ಮೇಲೆ ಚಪ್ಪರ ಹಾಕಿದ್ದೀನಲ್ಲ, ಅದು ದ್ರಾಕ್ಷಿ ತೋಟದವರು ಬಿಸಾಕಿದ ಶೇಡ್ ನೆಟ್ಟು. ಎರಡು ಪದರ ಹಾಕಿದ್ದೀನಿ. ನಾನೇ ಹೊಲಿದಿದ್ದು ಕಣೇ, ಗೋಣಿ ದಬ್ಬಳದಲ್ಲಿ!

ಆಗ ಹೆಂಗಿತ್ತು ಅಂತೀಯಾ? ನಾನು ಮದುವೆ ಆಗಿ ಬಂದಾಗ ಕೋಳಿ ಕೂಗೋದಕ್ಕಿಂತ ಮೊದಲು ಈ ರಾಟೆ ಕೂಗ್ತಿತ್ತು. ಕಿರ್ ಕಿರ್ ಅಂತ. ನಮ್ಮತ್ತೆ ಅಮ್ಮಯಮ್ಮ ಬೈಕೊಂಡೇ ಎದ್ದೇಳೋಳು. ನಾಲ್ಕು ಮನೆ ಹೆಂಗಸರು ಇಲ್ಲೇ. ಯಾರ ಮನೇಲಿ ಏನು ಸಾರು, ಯಾರ ಗಂಡ ಯಾರಿಗೆ ಹೊಡೆದ, ಯಾರಿಗೆ ಮೂರು ತಿಂಗಳು, ಎಲ್ಲಾ ಈ ಕಟ್ಟೆ ಮೇಲೇ. ನಿಮ್ಮತ್ತೆ ನವೀನ್‌ಕುಮಾರನ್ನ ಹೆತ್ತು ಬಂದಾಗ ಗಂಗೆ ಪೂಜೆ ಮಾಡಿದ್ದೂ ಇಲ್ಲೇ. ಆಗ ನಾನೂ ಮುತ್ತೈದೆ, ಸೋಬಾನೆ ಹೇಳಿದ್ದೆ. ಆಮೇಲೆ ಮನೆಮನೆಗೂ ನಲ್ಲಿ ಬಂತು. ಸುತ್ತಾ ಬೋರ್‌ವೆಲ್ಲು ಕೊರೆದ್ರು, ಒಂದಕ್ಕಿಂತ ಒಂದು ಆಳಕ್ಕೆ. ಬಾವಿ ಇಳೀತಾ ಇಳೀತಾ… ನಮ್ಮ ಯಜಮಾನ್ರು ಹೋದ ವರ್ಷವೇ ಅದೂ ಬತ್ತೋಯ್ತು. ಎರಡೂ ಒಟ್ಟಿಗೆ. ಯಾರೂ ಜಗಳ ಆಡಿ ಬಿಟ್ಟು ಹೋಗಲಿಲ್ಲ ಕಣೇ. ಬರೋ ಕೆಲಸ ಇಲ್ಲ, ಬರಲಿಲ್ಲ ಅಷ್ಟೆ. ನಂಗೂ ಮಕ್ಕಳಿಲ್ಲ ಮರಿಯಿಲ್ಲ, ಮೊರ ಕೇಳೋಕೆ, ಒನಕೆ ಕೇಳೋಕೆ ಅಂತ ಬರೋರೂ ಇಲ್ಲ. ಒಂದೊಂದು ದಿನ ಸಂಜೆ ಹೊತ್ತಿಗೆ ಗೊತ್ತಾಗುತ್ತೆ, ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ ಅಂತ. ಆಗ ಹೋಗಿ ಕಟ್ಟೆ ಮೇಲೆ ಕೂತ್ಕೊಂಡು ಬಾವಿ ಒಳಗೆ ‘ಓ’ ಅಂತೀನಿ. ಖಾಲಿ ಬಾವಿ ಚೆನ್ನಾಗಿ ‘ಓ’ ಅನ್ನುತ್ತೆ.

ಅಯ್ಯೋ, ಯಾಕೆ ಹಂಗೆ ನೋಡ್ತೀಯ? ತಮಾಷೆಗೆ ಅಂದೆ ಕಣೇ!

ಒಂದು ವಿಷಯ ಗೊತ್ತಾ ನಿಂಗೆ? ನಿಮ್ಮ ಬೋರು ನಿಂತೋಗಿತ್ತಲ್ಲ, ನಿನ್ನ ಮದುವೆಗೆ ಮೊದಲು? ಟ್ಯಾಂಕರ್ ತರಿಸ್ತಾ ಇದ್ರು. ಆಮೇಲೆ ಇದ್ದಕ್ಕಿದ್ದಂಗೆ ಬಂತು. ದ್ಯಾವಮ್ಮ ಘಾಟಿಗೆ ಹರಕೆ ಹೊತ್ತಿದ್ದಕ್ಕೆ ಅಂತಾಳೆ. ಇರ್ಲಿ, ಸ್ವಾಮಿ ದೊಡ್ಡೋನು. ಆದ್ರೆ ನಾನು ಬಾವಿಗೆ ಮಳೆ ನೀರು ಬಿಡೋಕೆ ಶುರು ಮಾಡಿ ಎರಡು ಮಳೆಗಾಲ ಆದ್ಮೇಲೆ ಬಂದಿದ್ದು. ಇಲ್ಲಿ ಕುಡೀತು, ಅಲ್ಲಿ ಕಕ್ತು. ಸ್ವಾಮಿ ಅಲ್ಲಿಂದ ಇಲ್ಲಿಗೆ ಪೈಪು ಎಳೆದ್ನಾ? ಹ್ಹಹ್ಹ… ನಂಗೇನೂ ಹೊಟ್ಟೆ ಉರಿ ಇಲ್ಲ. ದ್ಯಾವಮ್ಮನೂ ಗೋಡೆ ಪಕ್ಕದ ನಲ್ಲೀಲಿ ದಿನಾ ಎರಡು ಬಿಂದಿಗೆ ಹಿಡ್ಕೋ ಅಂದಿದ್ದಾಳೆ. ಎರಡು ಅಂದ್ರೆ ಎರಡೇ, ಎಣಿಸ್ತಾಳೆ ಕಿಟಕೀಲಿ ನಿಂತ್ಕೊಂಡು.

ಅಂದ್ರೆ, ನಮ್ಮ ಬಾವಿಗೂ ಬಂತು ಈಗ. ಸ್ವಲ್ಪ ಸ್ವಲ್ಪ ಜಿನುಗಿ ಜಿನುಗಿ…

ಎಲ್ಲಿಗೆ? ರಂಗೋಲೀನಾ? ಹಾಕು ಹಾಕು, ಹೊರಗಡೆಗೇ ಹಾಕು. ಬಗ್ಗಬೇಡ ಅಂದ್ನಲ್ಲ… ಒಂದು ಹೂವು ಹಾಕಿ ನೋಡ್ತೀಯಾ? ಈಗಲೇ ಯಾಕೆ? ಪೂಜೆ ಹೊತ್ತಿಗೆ ಹಾಕೋವಂತೆ. ಚೈತ್ರಾ… ಮಗು… ಬಿಸಿಲು ಐತೆ ಆ ಕಡೆ…

ನೋಡಿದ್ಯಾ? ನೀರು ಐತಲ್ಲ. ತೇಲ್ತಲ್ಲ ಹೂವು. ಸರಿ, ಬಾ ಈಚೆಗೆ.

ನೀಲಿನಾ? ಎಲ್ಲಿ ನೀಲಿ? ಅದು… ಆಕಾಶ ಕಣೇ. ಬಾವಿ ನೀರಲ್ಲಿ ಆಕಾಶ ಕಾಣಲ್ವಾ? ಎಲ್ಲಾ ಬಾವೀಲೂ ಕಾಣುತ್ತೆ.

ಯಾಕೆ ಮೇಲೆ ನೋಡ್ತೀಯ?

ಹೂಂ. ಚಪ್ಪರ ಐತೆ. ನಾನೇ ಹಾಕಿದ್ದು. ಎರಡು ಪದರ. ಈಗ ತಾನೇ ಹೇಳ್ದೆ.

…

ಹೂಂ, ಆಕಾಶ ಅಲ್ಲ ಮಾರಾಯ್ತಿ. ಬೈಯೋದಾದ್ರೆ ಬೈ.

ಟಾರ್ಪಾಲು ಅದು. ರಾಗಿ ಒಣಗಾಕೋ ಟಾರ್ಪಾಲು. ನಿನ್ನೆ ಸಂಜೆ ಹಗ್ಗ ಕಟ್ಕೊಂಡು ಕಲ್ಲು ಮೆಟ್ಲಲ್ಲಿ ಇಳಿದು ಹಾಸಿದೆ. ಇಳಿಯೋವಾಗ ಮಂಡಿ ತರಚ್ತು. ಹಾಸದೇ ಇದ್ರೆ ನೀರು ನಿಲ್ಲಲ್ಲ ಕಣೇ, ಸುರಿದಿದ್ದು ಸುರಿದಂಗೇ ಕುಡ್ಕೊಂಡ್ಬಿಡುತ್ತೆ. ನೋಡಿದ್ದೀನಲ್ಲ ನಾನು, ಎಷ್ಟು ಮಳೆ ನೀರು ಬಿಟ್ರೂ ಒಂದು ಗಳಿಗೆ ನಿಲ್ಲಲ್ಲ, ಮತ್ತೆ ಒಣ ಮಣ್ಣು. ಮಣ್ಣು ಕುಡೀಲಿ, ಕುಡೀಲಿ ಅಂತ ಇಷ್ಟು ವರ್ಷ ಬಡ್ಕೊಂಡೋಳು ನಾನು, ನಾನೇ ಇವತ್ತು ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ್ದೀನಿ.

ನೀರಾ? ನಿಮ್ಮ ಟ್ಯಾಂಕಿಂದು. ಇಲೀನೂ ಇಲ್ಲ, ಗಿಲೀನೂ ಇಲ್ಲ. ದ್ಯಾವಮ್ಮ ಏಳೋಕೆ ಮೊದಲು ಗೋಡೆ ಪಕ್ಕದ ನಲ್ಲಿಗೆ ಪೈಪು ಸಿಕ್ಕಿಸಿ ಬಿಟ್ಟೆ. ಕದ್ದೆ. ಕದ್ದೆ ಅನ್ನೋಕೂ ಬಾಯಿ ಬರಲ್ಲ… ನನ್ನ ಸೂರಿನ ನೀರೇ ತಾನೆ ನೆಲದಲ್ಲಿ ಹರಿದು ನಿಮ್ಮ ಬೋರಲ್ಲಿ ಬಂದಿರೋದು? ಇರ್ಲಿ, ಕಳ್ಳತನ ಕಳ್ಳತನವೇ. ದ್ಯಾವಮ್ಮಂಗೆ ಹೇಳು ಬೇಕಾದ್ರೆ.

ಬಾವೀಲಿ ಯಾವ ನೀರೂ ಬಂದಿಲ್ಲ ಚೈತ್ರ. ಬರೋದೂ ಇಲ್ಲ, ನನ್ನ ಕಾಲಕ್ಕೆ. ಇಡೀ ಊರು ಆಳದಿಂದ ಎಳೀತಿರುವಾಗ ಒಂದು ಸೂರಿನ ನೀರು ಎಲ್ಲಿಗೆ ಸಾಕು? ಆದ್ರೂ ಅದು ಕುಡೀತಾ ಐತಲ್ಲ, ಯಾರ ಮನೆ ಬೋರಿಗಾದ್ರೂ ಹೋಗ್ತಾ ಐತಲ್ಲ, ಅದು ಸಾಕು ಅಂದ್ಕೊಂಡಿದ್ದೆ. ಅದಕ್ಕೆ ಹೊಲಸು ಬಿಡ್ತೀನಿ ಅಂದಾಗ ತಡ್ಕೊಳ್ಳೋಕೆ ಆಗಲಿಲ್ಲ. ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ನಾನೊಬ್ಬಳು ಒಂಟಿ ಹೆಂಗಸು.

ಏನು ನೋಡ್ತೀಯ ಇನ್ನೂ? ಅಷ್ಟೇ ಕಣೇ. ಬಾವಿ ಉಳೀಲಿ ಅಂತ ಮಾಡಿದ್ದು. ಬಾವಿಗೋಸ್ಕರ…

…

ಹೂಂ. ಸರಿ. ಬಾವಿಗೋಸ್ಕರ ಒಂದೇ ಅಲ್ಲ.

ಎರಡು ಲೋಟ ತೊಳೆದಿಟ್ನಲ್ಲ, ಅದಕ್ಕೂ. ಒಂದು ಕೂಸು ಈ ಅಂಗಳಕ್ಕೆ ಬರ್ಲಿ ಅಂತ. ರಾಟೆ ಇನ್ನೊಂದು ಸಲ ಕಿರ್ ಅನ್ಲಿ ಅಂತ. ನಿಂಗೆ ಮೋಸ ಮಾಡ್ದೆ. ಹಾಲು ಕುಡಿಯೋ ಕೂಸಿನ ಪೂಜೆ, ಸುಳ್ಳು ನೀರಿಗೆ ಮಾಡ್ಸೋಕೆ ಹೊರಟೆ…

ಸದ್ದು ಕೇಳ್ತಾ? ಗೇಟು. ಬಂದ್ರು. ದ್ಯಾವಮ್ಮನ ಗಂಟಲು ಅದು. ಆದಿನಾರಾಯಣಪ್ಪನೂ ಬಂದ ಕಣೇ, ಕೆಮ್ತಾ ಇರೋದು ಅವನೇ. ಅವನು ಬಗ್ಗಿ ನೋಡ್ತಾನೆ. ಅವನಿಗೇನು ಕಣ್ಣಿಲ್ವಾ, ನಿನಗೆ ಕಂಡಿದ್ದು ಅವನಿಗೆ ಕಾಣಲ್ವಾ? ಹೇಳ್ಬಿಡು ನೀನೇ. ನಾನು ಒಳಗೆ ಹೋಗ್ತೀನಿ. ಹೆಂಗಿದ್ರೂ ಪೂಜೆ ಹೊತ್ತಿಗೆ ನಾನು ಎದುರಿಗೆ ಇರ್ಬಾರ್ದು, ಒಳಗಿರ್ಬೇಕು ಅಂತ ದ್ಯಾವಮ್ಮ ಮೊದಲೇ ಹೇಳಿ ಕಳಿಸಿದ್ದಾಳೆ.

ಏನು? ಏನೇ ಇದು, ಬೇಡ… ನನ್ನ ಕೈಗೆ ಯಾಕೆ ಕೊಡ್ತೀಯ? ಚೈತ್ರಾ, ಬೇಡ್ವೇ, ಅವರು ಬಂದ್ಬಿಟ್ರು, ನಿಮ್ಮತ್ತೆ ನೋಡಿದ್ರೆ… ತಲೆ, ತಲೆ, ಇರು, ತಲೆ ಕೆಳಗೆ ಕೈ ಕೊಟ್ಕೋತೀನಿ. ಅಯ್ಯೋ. ಎಷ್ಟು ಬೆಚ್ಚಗೈತೆ.

ಆ ಬುಟ್ಟಿ ಎಲ್ಲಿಗೆ ತಗೊಂಡು ಹೋಗ್ತೀಯ? ಎಲ್ಲಾ ಹೂವೂನಾ? ಒಂದೇ ಸಲ ಎಲ್ಲಾ ಸುರೀತಿದ್ಯಲ್ಲೇ! ಅರಿಶಿನಾನೂನಾ… ಬಟ್ಟಲು ಬಟ್ಟಲೇ…

ಚೈತ್ರ.

ನೀಲಿ ಕಾಣ್ತಾ ಇಲ್ಲ ಕಣೇ. ಬರೀ ಹೂವು. ಬರೀ ಅರಿಶಿನ.

ಬನ್ನಿ, ಬನ್ರಮ್ಮ! ಒಳಗೆ ಬನ್ನಿ. ಬಾ ದ್ಯಾವಮ್ಮ, ಹೂಂ, ಕೂಸು ನನ್ನ ಕೈಲೇ ಐತೆ, ನಿನ್ನ ಸೊಸೇನೇ ಕೊಟ್ಟಿದ್ದು, ಅವಳನ್ನೇ ಕೇಳು. ಆದಿನಾರಾಯಣಪ್ಪ, ಬಾರಪ್ಪ, ನೀನೂ ಬಗ್ಗಿ ನೋಡು. ನಿನ್ನ ಮಾತು ನೆನಪೈತಾ? ನೆನಪಿರ್ಲಿ.

ಚೈತ್ರ, ಇಲ್ಲಿ ಬಗ್ಗು, ಕಿವಿ ಕೊಡು. ನಾಳೆ ಆ ಟಾರ್ಪಾಲು ತೆಗೀಬೇಕು ಕಣೇ, ನೆಲಕ್ಕೆ ಕುಡಿಯೋಕೆ ಬಿಡಬೇಕು. ನಾನು ಇಳೀತೀನಿ. ಮೇಲೆ ಹಗ್ಗ ಹಿಡ್ಕೊಳ್ಳೋಕೆ ಒಬ್ರು ಬೇಕು.

ಬರ್ತೀಯಾ?